ಅರಸನ ಹೆಸರು ಅತ್ತೆಯ ಬಾಯಲ್ಲಿ

ನನ್ನ ಗಂಡನ ಹೆಸರನ್ನು ನಾನು ಈವರೆಗೆ ಬಾಯಿಬಿಟ್ಟು ಹೇಳಿಲ್ಲ. ಇಲ್ಲಿಯೂ ಬರೆಯುವುದಿಲ್ಲ. ಮೊಮ್ಮಕ್ಕಳು ನಗುತ್ತಾರೆ, ಬರೆದರೆ ಏನಾಗುತ್ತದೆ ಆಯಿ ಎಂದು ಕೆಣಕುತ್ತಾರೆ. ಏನೂ ಆಗುವುದಿಲ್ಲವೆಂದು ನನಗೂ ಗೊತ್ತು. ಆದರೆ ನಾಲಿಗೆಗೆ ಬಿದ್ದ ರೂಢಿ ಕೈಗೂ ಇಳಿದಿದೆ. ಅವರು ಹುಟ್ಟಿದ್ದು ಸೋಮವಾರದ ಮರುದಿನ. ಆ ವಾರದ ಹೆಸರನ್ನೇ ಮುಂದಿಟ್ಟು ಹಿರಿಯರು ಅವರಿಗೆ ಹೆಸರಿಟ್ಟರು. ಹಾಗಾಗಿ ನಾನು ಆ ಮನೆಯ ಹೊಸ್ತಿಲು ದಾಟಿದ ದಿನದಿಂದ ನನ್ನ ಪಾಲಿಗೆ ವಾರದಲ್ಲಿ ಒಂದು ದಿನಕ್ಕೆ ಹೆಸರೇ ಇಲ್ಲ. ಗುಡಿಯಲ್ಲಿ ಪೂಜೆಯ ಕೊನೆಗೆ ಬೆಳಗುವುದನ್ನೂ ಬರೀ ಆರತಿ ಎಂದೇ ಅನ್ನುತ್ತೇನೆ.

ಇದನ್ನು ಮೊದಲಿಗೇ ಹೇಳಿಬಿಡುವುದಕ್ಕೆ ಕಾರಣವಿದೆ. ನಾನು ಬರೆಯಲು ಕುಳಿತದ್ದು ಪುಸ್ತಕಗಳ ಸಂಗತಿ. ದೊಡ್ಡವರ ಚರಿತ್ರೆಗಳನ್ನು ಇಳಕಲ್ಲಿನ ನಮ್ಮ ಮನೆಯಲ್ಲಿ ನಾನು ಓದಿ ಹೇಳುತ್ತಿದ್ದ ದಿನಗಳ ಸಂಗತಿ. ಅವುಗಳಲ್ಲಿ ಒಂದು ಪುಸ್ತಕ ಈ ಹೆಸರಿಗೆ ಬಂದು ಸಿಕ್ಕಿಕೊಂಡಿತು.

ನನ್ನ ತವರು ಬಾಗಲಕೋಟೆ. ನಮ್ಮಪ್ಪ ನೇಕಾರರ ಮನೆಯಲ್ಲಿ ಹುಟ್ಟಿ, ಮಗ್ಗ ಬಿಟ್ಟು, ಕನ್ನಡ ಸಾಲಿಯ ಮಾಸ್ತರರಾದವರು. ಊರಿನಲ್ಲಿ ಹೆಣ್ಣುಮಕ್ಕಳ ಸಾಲಿ ತೆರೆದಾಗ ಯಾರೂ ಮಕ್ಕಳನ್ನು ಕಳಿಸಲೊಲ್ಲರು. ಪಕ್ಕದವರಿಗೆ ಹೇಳಿ ಹೇಳಿ ಬಾಯಿ ನೋಯಿಸಿಕೊಂಡು, ಕೊನೆಗೆ ನನ್ನನ್ನೇ ಒಯ್ದು ಕೂರಿಸಿದರು. ನಾಲ್ಕನೆಯ ಇಯತ್ತೆ ಮುಗಿಯುವಷ್ಟರಲ್ಲಿ ಮದುವೆಯ ಮಾತು ಬಂತು. ಅಷ್ಟರಲ್ಲಿ ಅಪ್ಪನ ಪೆಟ್ಟಿಗೆಯಲ್ಲಿದ್ದ ಪುಸ್ತಕಗಳನ್ನೆಲ್ಲ ನಾನು ಓದಿ ಮುಗಿಸಿದ್ದೆ. ಹಡಗು ಹತ್ತಿ ಕಾಣದ ದೇಶ ಹುಡುಕಿದವನು, ಕಾಯಿಲೆಯವರ ಸೇವೆಗೆ ನಿಂತ ಹೆಣ್ಣುಮಗಳು, ಬೀದಿಯ ದೀಪದಲ್ಲಿ ಓದಿ ದೊಡ್ಡ ಸಾಹೇಬನಾದವನು, ಹೀಗೆ. ನನಗೆ ಕತೆಗಿಂತ ಚರಿತ್ರೆ ಹಿಡಿಸುತ್ತಿತ್ತು. ಕತೆಯಲ್ಲಿ ರಾಜಕುಮಾರ ಬಂದರೆ ಬಂದ, ಯಾವ ಊರವನು, ಯಾರ ಮಗ ಎಂದು ಯಾರೂ ಕೇಳುವುದಿಲ್ಲ. ಚರಿತ್ರೆಯಲ್ಲಿ ಮನುಷ್ಯನಿಗೆ ಹುಟ್ಟಿದ ಊರು ಇರುತ್ತದೆ, ಅವನಿಗೆ ಜ್ವರ ಬರುತ್ತದೆ, ಅವನು ಪರೀಕ್ಷೆಯಲ್ಲಿ ನಾಪಾಸಾಗುತ್ತಾನೆ. ಖರೇ ಇದ್ದವರ ಸುದ್ದಿ. ಖರೇ ಇದ್ದವರ ಸುದ್ದಿ ಕೇಳುವ ಚಾಳಿ ನನಗೆ ಇವತ್ತಿಗೂ ಹೋಗಿಲ್ಲ.

ಮದುವೆಯಲ್ಲಿ ಸೀರೆಗಳ ನಡುವೆ ನಾಲ್ಕೈದು ಪುಸ್ತಕ ಮುಚ್ಚಿಟ್ಟುಕೊಂಡು ಇಳಕಲ್ಲಿಗೆ ಬಂದೆ. ಮನೆಯ ಪಡಸಾಲೆಯಲ್ಲಿ ಮೂರು ಕುಣಿಮಗ್ಗಗಳು, ಅಂದರೆ ನೆಲದಲ್ಲಿ ತೋಡಿದ ಕುಣಿಯೊಳಗೆ ಕಾಲು ಇಳಿಬಿಟ್ಟು ಕೂತು ನೇಯುವ ಮಗ್ಗಗಳು. ಒಂದರಲ್ಲಿ ಮಾವ, ಒಂದರಲ್ಲಿ ನಮ್ಮವರು. ಮೂರನೆಯ ಕುಣಿಗೆ ಹಲಗೆ ಮುಚ್ಚಿತ್ತು. ಅದು ನಮ್ಮವರ ಅಣ್ಣನದು. ನಾನು ಬರುವ ಮೊದಲೇ ಅವರು ಪ್ಲೇಗಿನಲ್ಲಿ ತೀರಿಹೋಗಿದ್ದರು. ಅವರ ಹೆಂಡತಿ, ಅಂದರೆ ನನ್ನ ನೆಗೆಣ್ಣಿ, ಮಗನನ್ನು ಕರೆದುಕೊಂಡು ಹುನಗುಂದದ ತವರಿಗೆ ಹೋಗಿದ್ದಳು. ಮಗ ಕೆಲಸಕ್ಕೆ ಬಂದ ಮೇಲೆ ಅಪ್ಪನ ಕುಣಿಯಲ್ಲಿ ಕೂಡಬೇಕು ಎಂದು ಹಿರಿಯರಲ್ಲಿ ಮಾತಾಗಿತ್ತು. ಅತ್ತೆ ದಿನಾ ಆ ಹಲಗೆ ಒರೆಸುತ್ತಿದ್ದರು. ಅದರ ಮೇಲೆ ಯಾರೂ ಏನೂ ಇಡುವಂತಿರಲಿಲ್ಲ. ಹೊಸತರಲ್ಲಿ ನಾನೊಮ್ಮೆ ನೀರಿನ ತಂಬಿಗೆ ಇಟ್ಟು ಚೆನ್ನಾಗಿ ಬೈಸಿಕೊಂಡೆ.

ಮಗ್ಗ ನಡೆಯುವಾಗ ಆ ಪಡಸಾಲೆಯಲ್ಲಿ ಕೂಗಿದರೂ ಕೇಳಿಸದು. ಆದರೆ ಇಳಕಲ್ಲ ಸೀರೆಯ ಒಡಲಿನ ಹಾಸು, ಅಂದರೆ ಉದ್ದಕ್ಕೆ ಬಿಗಿದ ಎಳೆಗಳು, ಬೇರೆ, ಸೆರಗಿನ ಹಾಸು ಬೇರೆ. ಒಡಲಿನ ಒಂದೊಂದು ಎಳೆಗೂ ಸೆರಗಿನ ಕೆಂಪು ರೇಷ್ಮೆಯ ಒಂದೊಂದು ಎಳೆಯನ್ನು ಕುಣಿಕೆ ಹಾಕಿ ಕೂಡಿಸಬೇಕು. ಪ್ರತಿ ಸೀರೆಗೂ ಈ ಕೆಲಸವಿದೆ. ಆಗ ಮಗ್ಗ ಸುಮ್ಮನಾಗುತ್ತದೆ. ಬೆಳಕು ಬೇಕು, ಕಣ್ಣು ಬೇಕು, ಬೆರಳು ಬೇಕು, ಕಿವಿಗೆ ಮಾತ್ರ ಏನೂ ಕೆಲಸವಿಲ್ಲ. ನನ್ನ ಓದು ನುಸುಳಿಕೊಂಡದ್ದು ಅಲ್ಲಿ.

ಶುರು ಮಾಡಿಸಿದವರು ಮಾವ. ಒಂದು ಮುಂಜಾನೆ ಎಳೆ ಕೂಡಿಸುತ್ತ ಕೂತವರು, ಸಾಲಿ ಕಲಿತ ಸೊಸೆ ಬಂದಿದ್ದಾಳಂತೆ, ನಮಗೇನು ಲಾಭ ಎಂದು ಚೇಷ್ಟೆ ಮಾಡಿದರು. ನಾನು ತಡಮಾಡಲಿಲ್ಲ. ಒಳಗೆ ಹೋಗಿ ಹಡಗಿನವನ ಚರಿತ್ರೆ ತಂದು, ಬಾಗಿಲ ಬಳಿ ಕೂತು ಓದತೊಡಗಿದೆ. ಅತ್ತೆ ಅಡಿಗೆಮನೆಯಿಂದ ಹೊರಗೆ ಬಂದು ನಿಂತರು. ದಪ್ಪ ದನಿ ಅವರದು, ಮಾತು ಕಡಿಮೆ, ಆಡಿದ್ದು ಮಾತ್ರ ಕಲ್ಲಿನಲ್ಲಿ ಬರೆದ ಹಾಗೆ. ಮಗ್ಗ ನಿಂತಾಗ ಓದು, ಮಗ್ಗ ನಡೆದಾಗ ಕೆಲಸ ಮಾಡು ಎಂದರು. ಆಮೇಲೆ ಬೆರಳೆತ್ತಿ ಇನ್ನೊಂದು ಮಾತು ಸೇರಿಸಿದರು.

"ಈ ಓದಿನಿಂದ ಮನ್ಯಾಗ ಒಂದ ದಿನ ತಂಟೆ ಬಂತಂದ್ರ, ಪುಸ್ತಕ ಬಾಗಲಕೋಟಿಗೆ ವಾಪಸ್ ಹೊಕ್ಕಾವು. ನೆನಪಿಟ್ಕೊ."

ನೆನಪಿಟ್ಟುಕೊಂಡೆ. ಆ ಮನೆಯಲ್ಲಿ ರೊಟ್ಟಿ ನನಗಿಂತ ಚೆನ್ನಾಗಿ ಬಡಿಯುವವರಿದ್ದರು, ನೂಲು ನನಗಿಂತ ಚುರುಕಾಗಿ ಸುತ್ತುವವರಿದ್ದರು. ಓದುವವಳು ನಾನೊಬ್ಬಳೇ. ಪುಸ್ತಕ ಹೋದರೆ ನಾನು ಅಲ್ಲಿ ಮೂಲೆಯ ಒಂದು ಕೊಡದ ಹಾಗೆ ಉಳಿಯುತ್ತಿದ್ದೆ. ಅದು ನನಗೆ ಬೇಡವಾಗಿತ್ತು.

ಹಾಗೆ ಸೀರೆಗೊಮ್ಮೆ ಚರಿತ್ರೆ ಮುಂದುವರಿಯುತ್ತಿತ್ತು. ಹಡಗಿನವನು ಹೊರಟ ದಿನ ಕೂಡಿಸಿದ ಸೀರೆ ನೆಯ್ದು ಮುಗಿಯುವ ತನಕ ಅವನು ನಡುನೀರಿನಲ್ಲೇ ಇರುತ್ತಿದ್ದ. ಮಾವ ಲಾಳಿ ಎಸೆಯುತ್ತಲೇ, ಇವತ್ತಿಗೂ ದಂಡೆ ಕಾಣಲಿಲ್ಲವೇನೋ ಪಾಪ ಎನ್ನುತ್ತಿದ್ದರು. ಚರಿತ್ರೆಯ ಮಂದಿಗೆಲ್ಲ ನಮ್ಮ ಮನೆಯಲ್ಲಿ ನೆಂಟಸ್ತನ ಬೆಳೆಯಿತು. ಅತ್ತೆ ಮಾತ್ರ ಕೇಳುವವರಂತೆ ತೋರಿಸಿಕೊಳ್ಳುತ್ತಿರಲಿಲ್ಲ. ಒಳಗೆ ಪಾತ್ರೆ ಸಪ್ಪಳ ಮಾಡುತ್ತಲೇ ಇರುತ್ತಿದ್ದರು. ಆದರೆ ಒಂದೊಂದು ಚರಿತ್ರೆ ಮುಗಿದಾಗಲೂ ಅಡಿಗೆಮನೆಯಿಂದ ಅದೇ ಒಂದು ಪ್ರಶ್ನೆ ಬರುತ್ತಿತ್ತು. ಅವನ ತಾಯಿ ಮುಂದೆ ಏನಾದಳು?

ನಾನು ಪುಟ ತಿರುವಿ ಹುಡುಕುತ್ತಿದ್ದೆ. ಎಲ್ಲಿಯೂ ಇರುತ್ತಿರಲಿಲ್ಲ. ತಾಯಿ ಮೊದಲ ಪುಟದಲ್ಲಿ ಅವನನ್ನು ಹೆತ್ತು, ಒಳ್ಳೆಯ ಬುದ್ಧಿ ಹೇಳಿ, ಅಷ್ಟಕ್ಕೇ ಪುಸ್ತಕದಿಂದ ಹೊರಗೆ ನಡೆಯುತ್ತಿದ್ದಳು. ಬರೆದಿಲ್ಲ ಎಂದು ನಾನು ಹೇಳಿದರೆ, ಬರೆದವನಿಗೆ ತಾಯಿ ಇರಲಿಲ್ಲವೇನೋ ಎಂದು ಅತ್ತೆ ಮತ್ತೆ ಪಾತ್ರೆಗೆ ಕೈಹಾಕುತ್ತಿದ್ದರು. ಆಗ ನನಗೆ ನಗು ಬರುತ್ತಿತ್ತು.

ನನಗೆ ಗಂಡುಮಗು ಹುಟ್ಟಿದ ಮೇಲೆ ನೋಡಲು ಬಂದ ನನ್ನ ಅಣ್ಣ, ದಾರಿಯ ಅಮೀನಗಡದಿಂದ ಕರದಂಟು ತಂದ. ಜತೆಗೆ ಒಂದು ಹೊಸ ಪುಸ್ತಕವನ್ನೂ ತಂದ. ಬಾದಾಮಿಯನ್ನು ಆಳಿದ ಅರಸರ ಇತಿಹಾಸ. ಅಲ್ಲಿಯವರೆಗೆ ನಾವು ಓದಿದ ಮಂದಿಯೆಲ್ಲ ಸಮುದ್ರದ ಆಚೆಯವರು. ಬಾದಾಮಿ ಎಂದರೆ ನಮ್ಮ ಕೈಯಳತೆಯ ಊರು. ಬನಶಂಕರಿಗೆ ಹರಕೆ ಹೊತ್ತವರು ಹಾದು ಬರುವ ಊರು, ಅಲ್ಲಿಯ ಮಂಗಗಳು ಮಾವನ ತಲೆಯ ಪಟಗ ಕಿತ್ತುಕೊಂಡು ಓಡಿದ್ದ ಊರು. ಅಂಥ ಊರಿನಲ್ಲೂ ಪುಸ್ತಕ ಬರೆಯುವಷ್ಟು ಸುದ್ದಿ ಇತ್ತೇ ಎಂದು ಮಾವ ಬೆರಗಾದರು. ಸೀರೆಯ ಒಡಲು ನೆಯ್ದು ಮುಗಿಯುವುದನ್ನೇ ಎಲ್ಲರೂ ಕಾದೆವು.

ಎಳೆ ಕೂಡಿಸುವ ದಿನ ಬಂತು. ಮಗುವನ್ನು ತೊಟ್ಟಿಲಿಗೆ ಹಾಕಿ ಓದಲು ಕೂತೆ. ಅಣ್ಣ ಅರಸನಾಗಿದ್ದಾನೆ, ತಮ್ಮ ಅವನ ಬಲಗೈಯಾಗಿದ್ದಾನೆ, ಆ ತಮ್ಮನ ಹೆಸರು ಎಂದು ಓದಿ ಗಕ್ಕನೆ ನಿಂತೆ. ನಮ್ಮವರ ಹೆಸರೇ ಅಚ್ಚಾಗಿ ಕೂತಿತ್ತು. ಒಂದಕ್ಷರದ ಫರಕಿಲ್ಲ.

ಮಾವ, ಮುಂದೆ ಓದು ಎಂದರು. ನಾನು ಮುಂದಿನ ಸಾಲಿಗೆ ಹಾರಿದೆ. ಅಲ್ಲಿಯೂ ಅದೇ ಹೆಸರು. ಪುಟದ ತುಂಬ ಅದೇ ಹೆಸರು. ಗಂಡನ ಹೆಸರು ಹೇಳಿದರೆ ಅವರ ಆಯುಷ್ಯ ಕಡಿಮೆಯಾಗುತ್ತದೆ ಎಂದು ನಂಬಿದ ಕಾಲ. ನಾನು ಬಾಗಲಕೋಟೆಯ ಸಾಲಿಯಲ್ಲಿ ಕಲಿತವಳೇ, ಆದರೆ ಕಲಿತದ್ದು ಆ ನಂಬಿಕೆಯನ್ನು ಅಲ್ಲಾಡಿಸುವಷ್ಟು ಆಳಕ್ಕೆ ಹೋಗಿರಲಿಲ್ಲ. ಕೊನೆಗೆ ದಾರಿ ಹೊಳೆಯಿತು. ಹೆಸರು ಬಂದಲ್ಲೆಲ್ಲ "ನಮ್ಮವರು" ಎಂದು ಓದತೊಡಗಿದೆ. ನಮ್ಮವರು ಆನೆ ಏರಿದರು. ನಮ್ಮವರು ಅಣ್ಣನ ಪುಣ್ಯಕ್ಕೆಂದು ಬಾದಾಮಿಯ ಗುಡ್ಡದಲ್ಲಿ ಗುಹೆ ಕೊರೆಸಿದರು. ಮಾವನಿಗೆ ನಗು ತಡೆಯಲಾಗಲಿಲ್ಲ. ನಮ್ಮವರ ಕಿವಿಗಳು ಸೆರಗಿನ ರೇಷ್ಮೆಯಷ್ಟೇ ಕೆಂಪಾಗಿದ್ದವು. ಅವರು ಮೆದು ಮನುಷ್ಯ, ಆನೆಯಿರಲಿ, ಎತ್ತಿನ ಬಂಡಿಯಲ್ಲೂ ಮುಂದೆ ಕೂಡುವವರಲ್ಲ. ಪುಸ್ತಕದಲ್ಲಾದರೂ ಅವರು ಆನೆ ಏರಿದ್ದಕ್ಕೆ ನನಗೆ ಒಳಗೊಳಗೇ ಖುಷಿಯಾಗಿತ್ತು.

ಕತೆ ಮುಂದೆ ಹೋಯಿತು. ಅರಸ ತೀರಿಕೊಂಡ. ಅವನ ಮಗ ಇನ್ನೂ ಚಿಕ್ಕವನು. ಅವನು ದೊಡ್ಡವನಾಗುವ ತನಕ ರಾಜ್ಯ ನೋಡಿಕೊಳ್ಳಬೇಕಾದವನು ಕಾಕಾ, ಅಂದರೆ ನನ್ನ ಓದಿನಲ್ಲಿ ನಮ್ಮವರು. ನೋಡಿಕೊಂಡರು. ಆದರೆ ಅಣ್ಣನ ಪುಣ್ಯಕ್ಕೆಂದು ಗುಹೆ ಕೊರೆಸಿದವರಿಗೇ ಈಗ ಕೂತ ಗದ್ದಿಗೆ ಬಿಟ್ಟೇಳಲು ಮನಸ್ಸಾಗಲಿಲ್ಲ. ಅಣ್ಣನ ಮಗನನ್ನು ಬದಿಗಿಟ್ಟು ತಮ್ಮ ಮಗನಿಗೇ ಅದನ್ನು ಕೊಡಬೇಕೆಂದು ಯೋಚಿಸಿದರು.

ಈ ಭಾಗ ಓದುವ ದಿನ ನಮ್ಮ ಓಣಿಯ ಒಬ್ಬ ಅಜ್ಜಿ ಬಾಗಿಲಲ್ಲಿ ನಿಂತಿದ್ದಳು. ಲಾಳಿಯಲ್ಲಿ ಹಾಕುವ ಕಂಡಿಕೆಗೆ ನೂಲು ಸುತ್ತಿಕೊಡುವುದು ಅವಳ ಕೆಲಸ. ಓಣಿಯ ಸುದ್ದಿಗಳನ್ನು ಮನೆಮನೆಗೆ ಮುಟ್ಟಿಸುವುದು ಅವಳ ಸಂತೋಷ. ಕಂಡಿಕೆಯ ಬುಟ್ಟಿ ಇಳಿಸಿ, ಒಂದಿಷ್ಟು ಕೇಳಿ, ಏನೂ ಮಾತಾಡದೆ ಹೋದಳು. ಅವಳು ಮಾತಾಡದೆ ಹೋದದ್ದೇ ವಿಚಿತ್ರ. ಅದು ನಮಗೆ ಹೊಳೆಯಲಿಲ್ಲ. ಆಮೇಲೆ ಅವಳು ಮಗಳ ಬಾಣಂತನಕ್ಕೆ ಹುನಗುಂದಕ್ಕೆ ಹೋದಳು. ಅವಳ ಮಗಳ ಮನೆ ಇದ್ದದ್ದು ನನ್ನ ನೆಗೆಣ್ಣಿಯ ತವರಿನ ಓಣಿಯಲ್ಲೇ.

ಒಂದು ಮಧ್ಯಾಹ್ನ ನಮ್ಮ ಮನೆಯ ಮುಂದೆ ಬಂಡಿ ನಿಂತಿತು. ನೆಗೆಣ್ಣಿ ಇಳಿದಳು, ಹಿಂದೆ ಅವಳ ಅಣ್ಣ. ಅವನು ನೀರೂ ಕುಡಿಯಲೊಲ್ಲ. ಅವಳು ಒಳಗೆ ಬಂದವಳೇ ಮೊದಲು ನೋಡಿದ್ದು ಹಲಗೆ ಮುಚ್ಚಿದ ಆ ಮೂರನೆಯ ಕುಣಿಯನ್ನು. ಹಲಗೆ ಇದ್ದ ಹಾಗೇ ಇತ್ತು. ಆದರೂ ಅವಳ ಮುಖ ಬಿಗಿದುಕೊಂಡೇ ಇತ್ತು. ಅತ್ತೆಯ ಕಾಲಿಗೆ ನಮಸ್ಕಾರ ಮಾಡಿ, ಅಲ್ಲೇ ನೆಲಕ್ಕೆ ಕೂತಳು.

"ಅತ್ತಿ, ನನ್ನ ಮಗಗ ಈ ಮನ್ಯಾಗ ಏನೂ ಇಲ್ಲಂದ್ರ ನೀವ ಹೇಳ್ರಿ. ಮಂದಿ ಬಾಯಿಲೆ ಕೇಳೂದು ಬ್ಯಾಡ ನನಗ."

ಯಾರಿಗೂ ತಲೆಬುಡ ತಿಳಿಯಲಿಲ್ಲ. ಅವಳ ಅಣ್ಣನೇ ಬಿಡಿಸಿ ಹೇಳಿದ. ಹುನಗುಂದದ ತುಂಬ ಸುದ್ದಿಯಾಗಿದೆಯಂತೆ. ಮೈದುನ ಅಣ್ಣನ ಮಗನಿಗೆ ಕೊಡಬೇಕಾದ್ದನ್ನು ಕೊಡುವುದಿಲ್ಲವಂತೆ, ತೊಟ್ಟಿಲಲ್ಲಿರುವ ತನ್ನ ಮಗನ ಹೆಸರಿಗೇ ಎಲ್ಲ ಮಾಡುತ್ತಾನಂತೆ, ಹೊಸ ಕುಣಿ ಬೇರೆ ಕೊರೆಸಿದ್ದಾನಂತೆ. ಇದನ್ನು ಅವನ ಹೆಂಡತಿಯೇ ಪಡಸಾಲೆಯಲ್ಲಿ ಕೂತು, ಮಾವನ ಮುಂದೆ, ನಮ್ಮವರು ಹೀಗೆ ಮಾಡಿದರು, ನಮ್ಮವರು ಹಾಗೆ ಮಾಡಿದರು ಎಂದು ರಾಗವಾಗಿ ಹೇಳುತ್ತಿದ್ದಳಂತೆ. ಕಂಡಿಕೆಯ ಅಜ್ಜಿ ಸ್ವತಃ ಕಿವಿಯಾರೆ ಕೇಳಿದ್ದಾಳಂತೆ.

ಗುಹೆ ಕೊರೆಸಿದ್ದು ನೇಕಾರರ ಕಿವಿಗೆ ಕುಣಿ ಕೊರೆಸಿದ್ದಾಗಿತ್ತು. ಬಾದಾಮಿಯ ಗದ್ದಿಗೆ ಇಳಕಲ್ಲಿನ ಮಗ್ಗವಾಗಿತ್ತು.

ಇವತ್ತು ನಗುತ್ತ ಬರೆಯುತ್ತಿದ್ದೇನೆ. ಆಗ ಅದು ನಗುವ ಹೊತ್ತಾಗಿರಲಿಲ್ಲ. ನಮ್ಮವರು ಮಗ್ಗದಿಂದ ಎದ್ದು ನಿಂತವರು ಅತ್ತಿಗೆಯ ಮುಖ, ನನ್ನ ಮುಖ ನೋಡುತ್ತಿದ್ದರು. ಅದು ಪುಸ್ತಕದ ಮಾತು ಎಂದು ನಾನು ಹೇಳಹೊರಟೆ. ಪುಸ್ತಕದಲ್ಲಿ ನನ್ನ ಮೈದುನನ ಸುದ್ದಿ ಯಾಕಿರುತ್ತದೆ ಎಂದು ನೆಗೆಣ್ಣಿ ಕೇಳಿದಳು. ಪುಸ್ತಕದ ಅರಸನ ಹೆಸರೂ ಅದೇ ಎನ್ನೋಣವೆಂದರೆ, ಯಾವ ಹೆಸರು ಎಂದಾಳು. ಅದನ್ನು ನಾನು ಹೇಳುವ ಹಾಗಿಲ್ಲ, ಅವಳು ಓದುವ ಹಾಗಿಲ್ಲ. ಮನೆಗೆ ತಂಟೆ ಬಂದಿತ್ತು, ಅದೂ ಬಂಡಿ ಕಟ್ಟಿಕೊಂಡು ಬಂದಿತ್ತು. ನನ್ನ ಓದು ಇವತ್ತಿಗೆ ಮುಗಿಯಿತು ಎಂದುಕೊಂಡೆ.

ಅತ್ತೆ ಅಡಿಗೆಮನೆಯ ಬಾಗಿಲಲ್ಲಿ ನಿಂತು ಎಲ್ಲ ಕೇಳಿದರು. ಆಮೇಲೆ ನನಗೆ, ಪುಸ್ತಕ ತಾ ಎಂದರು. ತಂದೆ. ಕೊಡಲು ಕೈ ಚಾಚಿದರೆ ಅವರು ತೆಗೆದುಕೊಳ್ಳಲಿಲ್ಲ. ಕೂತು ಓದು, ಆ ಅಜ್ಜಿ ಕೇಳಿಸಿಕೊಂಡದ್ದೇ ಓದು ಎಂದರು. ನಾನು ಪುಟ ಹುಡುಕಿ ಓದಿದೆ. ಹೆಸರು ಬಂತು. ನಮ್ಮವರು ಎನ್ನಲು ಹೆದರಿಕೆ, ಹೆಸರು ಹೇಳಲು ಹೆದರಿಕೆ. ನಿಂತುಬಿಟ್ಟೆ.

ಆಗ ಅತ್ತೆ ದಪ್ಪ ದನಿಯಲ್ಲಿ, ಇಡೀ ಓಣಿಗೆ ಕೇಳುವ ಹಾಗೆ, ತಮ್ಮ ಮಗನ ಹೆಸರು ಹೇಳಿದರು.

ನಾನು ಮುಂದಿನ ಮಾತು ಓದಿದೆ. ಮತ್ತೆ ಹೆಸರು ಬಂದಾಗ ನಿಂತೆ. ಅವರು ಮತ್ತೆ ಹೇಳಿದರು. ಹೀಗೆ ಒಂದು ಪುಟ ದಾಟಿದೆವು. ಬಾದಾಮಿ ಬಂತು, ಆನೆ ಬಂತು, ಅರಮನೆ ಬಂತು. ನೆಗೆಣ್ಣಿಯ ಮುಖ ಸಡಿಲವಾಗುತ್ತ ಹೋಯಿತು. ಅವಳು ನನ್ನನ್ನೂ ಅತ್ತೆಯನ್ನೂ ನೋಡಿದಳು, ಸೆರಗು ಬಾಯಿಗೆ ಒತ್ತಿಕೊಂಡಳು, ಅಳುತ್ತಲೇ ನಗಹತ್ತಿದಳು. ಅವಳೂ ಗಂಡನ ಹೆಸರು ಹೇಳದೆ ಬಾಳಿದವಳೇ. ನನ್ನ ಫಜೀತಿ ಅವಳಿಗೆ ಬಿಡಿಸಿ ಹೇಳಬೇಕಾಗಲಿಲ್ಲ. ಅವಳ ಅಣ್ಣ ಅಷ್ಟರಲ್ಲಿ ತಾನಾಗಿಯೇ ನೀರು ಕೇಳಿದ.

ಆ ಸಂಜೆ ಮಾವ ಇನ್ನೊಂದು ಮಾತು ತೆಗೆದರು. ಮಂದಿ ಬಾಯಿಗೆ ನಾವೇಕೆ ಕೆಲಸ ಕೊಡಬೇಕು, ಮಗ ಕೈಗೆ ಬಂದಿದ್ದಾನೆ, ಕರೆದುಕೊಂಡು ಬಾ ಎಂದು ನೆಗೆಣ್ಣಿಗೆ ಹೇಳಿದರು. ಸ್ವಲ್ಪ ದಿನಗಳಲ್ಲೇ ಅವಳು ಮಗನೊಡನೆ ಬಂದು ನೆಲೆಸಿದಳು. ಮೀಸೆ ಚಿಗುರುತ್ತಿದ್ದ ವಯಸ್ಸು ಅವನದು. ಮೂರನೆಯ ಕುಣಿಯ ಹಲಗೆಯನ್ನು ಅತ್ತೆಯೇ ತೆಗೆದರು, ನಮ್ಮವರು ಅವನ ಪಕ್ಕ ಕೂತು ಅಣ್ಣನ ಲಾಳಿಯನ್ನು ಅವನ ಕೈಗಿತ್ತರು. ಮೂರೂ ಮಗ್ಗಗಳ ಸಪ್ಪಳ ಒಟ್ಟಿಗೆ ಎದ್ದಾಗ ಅತ್ತೆ ಒಳಗೆ ಹೋಗಿ ಬಹಳ ಹೊತ್ತು ಹೊರಗೆ ಬರಲಿಲ್ಲ. ಕಂಡಿಕೆಯ ಅಜ್ಜಿಯ ಮೇಲೆ ನಮಗೆ ಸಿಟ್ಟು ಉಳಿಯಲಿಲ್ಲ. ಅವಳಂತೂ, ನಾ ಹೇಳದಿದ್ದರೆ ನಿಮ್ಮ ಮನೆ ಒಂದಾಗುತ್ತಿತ್ತೇ ಎಂದು ಸಾಯುವ ತನಕ ಹೇಳಿಕೊಂಡು ತಿರುಗಿದಳು.

ಓದು ನಿಲ್ಲಲಿಲ್ಲ. ಅಲ್ಲಿಂದ ಮುಂದೆ ಅದು ಇಬ್ಬರ ಓದಾಯಿತು. ನಾನು ಹೆಸರಿನ ತನಕ ಓದಿ ನಿಲ್ಲುವುದು, ಅತ್ತೆ ಹೆಸರು ಹೇಳುವುದು. ಮೊದಮೊದಲು ಒಲೆಯ ಮುಂದಿನಿಂದ ಹೇಳುತ್ತಿದ್ದರು. ಆಮೇಲೆ ಹೊಗೆಯಲ್ಲಿ ಕೇಳಿಸುವುದಿಲ್ಲ ಎಂಬ ನೆವ ಹೂಡಿ ಪಡಸಾಲೆಗೆ ಬಂದರು. ಹೊಗೆಗೂ ಕಿವಿಗೂ ಏನು ಸಂಬಂಧ ಎಂದು ಮಾವ ನಕ್ಕರು. ಕೆಲವು ದಿನಕ್ಕೆ ನನ್ನ ಪಕ್ಕದಲ್ಲೇ ಕೂತು ಪುಟದ ಮೇಲೆ ಕಣ್ಣಾಡಿಸತೊಡಗಿದರು. ಹೆಸರು ಬರುವ ಮೊದಲೇ, ಆ ಅಕ್ಷರಗಳ ಆಕಾರ ಗುರುತು ಹಿಡಿದು, ಇಲ್ಲಿ ಐತಿ ನೋಡು ಎಂದು ಬೆರಳಿಡುತ್ತಿದ್ದರು. ಬೇರೆ ಯಾವ ಅಕ್ಷರವೂ ಅವರಿಗೆ ಬರುತ್ತಿರಲಿಲ್ಲ. ಅದೊಂದು ಹೆಸರು ಮಾತ್ರ ಬರುತ್ತಿತ್ತು. ಒಂದೊಂದು ಸಲ ಹೇಳುವಾಗಲೂ ಅವರ ದನಿಯಲ್ಲಿ ಒಂದು ಹೆಮ್ಮೆ ಇರುತ್ತಿತ್ತು. ಅರಸನ ತಾಯಿ ಎಂದು ಅವರನ್ನು ಕೆಣಕುವುದು ಮಾವನಿಗೆ ಚಟವಾಯಿತು. ಆ ದಿನಗಳಷ್ಟು ನೆಮ್ಮದಿಯ ದಿನಗಳನ್ನು ನಾನು ಹೆಚ್ಚು ಕಂಡಿಲ್ಲ.

ಆ ಚಳಿಗಾಲ ಮಗುವಿನ ಹರಕೆಗೆ ಬನಶಂಕರಿಗೆ ಹೋದಾಗ, ಬಾದಾಮಿಗೆ ಹೋಗಲೇಬೇಕೆಂದು ಹಟ ಹಿಡಿದವರು ಅತ್ತೆ. ಗುಡ್ಡದ ಮೆಟ್ಟಿಲು ಹತ್ತುವಾಗ ಮಂಗಗಳಿಗೆ ಹೆದರಿ ಮಾವ ಪಟಗವನ್ನು ಕಂಕುಳಲ್ಲಿ ಅವಚಿಕೊಂಡಿದ್ದರು. ನನ್ನ ಅಣ್ಣನೂ ಬಾಗಲಕೋಟೆಯಿಂದ ಬಂದು ಸೇರಿದ್ದ. ಅವನು ದೊಡ್ಡ ಗುಹೆಯ ಮುಂದೆ ನಿಂತು, ನಿಮ್ಮ ಪುಸ್ತಕದ ಅರಸ ಕೊರೆಸಿದ್ದು ಇದೇ ಎಂದು ತೋರಿಸಿದ. ಕೆಂಪು ಕಲ್ಲಿನ ಕಂಬಗಳು, ಒಳಗೆ ತಂಪು, ಕೆಳಗೆ ಕೆರೆಯ ಹಸಿರು ನೀರು. ಅತ್ತೆ ಕಂಬವನ್ನು ಬೆರಳಿನಿಂದ ಮುಟ್ಟಿ, ಉಜ್ಜಿ, ಹೊಸ ಸೀರೆಯ ನೇಯ್ಗೆ ನೋಡುವ ಹಾಗೆ ನೋಡಿದರು. ಗೋಡೆಯ ಮೇಲಿನ ಹಳೆಯ ಅಕ್ಷರಗಳಲ್ಲಿ ಆ ಹೆಸರು ಎಲ್ಲಿದೆ ಎಂದು ನನ್ನನ್ನು ಕೇಳಿದರು. ಆ ಲಿಪಿ ನನಗೂ ಬರುವುದಿಲ್ಲವೆಂದೆ. ಅವರಿಗೆ ನಿರಾಸೆಯಾಯಿತು. ಆದರೂ ಇಳಿಯುವ ಮುಂಚೆ ಗುಹೆಯೊಳಗೆ ಮುಖಮಾಡಿ ಒಮ್ಮೆ ಮಗನ ಹೆಸರನ್ನು ಗಟ್ಟಿಯಾಗಿ ಕರೆದರು. ಕಲ್ಲು ಅದನ್ನು ತಿರುಗಿ ಹೇಳಿತು. ಹೊರಗೆ ಮಗುವನ್ನು ಎತ್ತಿಕೊಂಡು ನಿಂತಿದ್ದ ನಮ್ಮವರು ಏನವ್ವಾ ಎಂದು ಒಳಗೆ ಬಂದರು.

ಊರಿಗೆ ಬಂದ ಮೇಲೆ ಪುಸ್ತಕದಲ್ಲಿ ಆ ಅರಸನದು ಕೊನೆಯ ಭಾಗ ಮಾತ್ರ ಉಳಿದಿತ್ತು. ಅದರಲ್ಲಿ ಏನಿದೆಯೆಂದು ಮನೆಯಲ್ಲಿ ನನಗೊಬ್ಬಳಿಗೇ ಗೊತ್ತಿತ್ತು. ಒಬ್ಬಳೇ ಇದ್ದಾಗ ಮುಂದಿನ ಪುಟ ಓದಿಬಿಡುವ ದುರಾಸೆ ನನ್ನದು. ಅಣ್ಣನ ಮಗ ದಂಡು ಕಟ್ಟಿಕೊಂಡು ಬರುತ್ತಾನೆ. ಕಾಕಾನ ಮೇಲೆ ಯುದ್ಧ ಮಾಡುತ್ತಾನೆ. ಕಾಕಾ ಆ ಯುದ್ಧದಲ್ಲಿ ಸಾಯುತ್ತಾನೆ. ಇದನ್ನು ನಾನು ಓದಬೇಕಾದದ್ದು ಕಾಕಾ ಒಂದು ಕುಣಿಯಲ್ಲಿ, ಅಣ್ಣನ ಮಗ ಪಕ್ಕದ ಕುಣಿಯಲ್ಲಿ ಕೂತ ಮನೆಯಲ್ಲಿ. ಒಬ್ಬ ಮಗನನ್ನು ಕಳೆದುಕೊಂಡ ತಾಯಿ ಇನ್ನೊಬ್ಬ ಮಗನ ಹೆಸರನ್ನು ಆ ಸಾಲಿನಲ್ಲಿ ಹೇಳಬೇಕು. ಬಿಟ್ಟು ಓದೋಣವೆಂದರೆ ಅತ್ತೆಯ ಬೆರಳು ಪುಟದ ಮೇಲೆಯೇ ಇರುತ್ತದೆ. ಹೆಸರು ಬಿಟ್ಟುಹೋದರೆ ಅವರಿಗೆ ಗೊತ್ತಾಗದೆ ಇರದು. ಅಪಶಕುನ ಎಂದುಕೊಂಡರೆ ಈ ಸಲ ಪುಸ್ತಕ ಖಂಡಿತ ಬಾಗಲಕೋಟೆಯ ಬಂಡಿ ಹತ್ತುತ್ತದೆ. ಎಳೆ ಕೂಡಿಸುವ ದಿನ ಬಾರದಿರಲಿ ಎಂದು ನಾನು ಹಾರೈಸಿದ್ದು ಅದೊಂದೇ ಸಲ.

ದಿನ ಬಂದೇ ಬಂತು. ಮುಂಜಾನೆಯ ಬಿಸಿಲು ಪಡಸಾಲೆಗೆ ಇಳಿದಿತ್ತು. ನಮ್ಮವರು ಮತ್ತು ಅಣ್ಣನ ಮಗ ಎದುರುಬದುರಾಗಿ ಕೂತು, ಒಂದೇ ಹಾಸಿನ ಎಳೆಗಳನ್ನು ಆ ಕಡೆಯಿಂದೊಬ್ಬರು ಈ ಕಡೆಯಿಂದೊಬ್ಬರು ಕೂಡಿಸುತ್ತಿದ್ದರು. ನೆಗೆಣ್ಣಿ ನೂಲು ಬಿಡಿಸುತ್ತಿದ್ದಳು. ನಾನು ಮೆಲ್ಲಗೆ, ಆದಷ್ಟು ಮೆಲ್ಲಗೆ ಓದಿದೆ. ದಂಡು ಬಂತು. ಯುದ್ಧ ಶುರುವಾಯಿತು. ಹುಡುಗನ ಕೈ ನಿಂತಿತು. ಅವನು ತಲೆ ತಗ್ಗಿಸಿದ. ಆ ಯುದ್ಧದಲ್ಲಿ ಎಂದು ಓದಿ ನಾನು ಹೆಸರಿನ ಹತ್ತಿರ ನಿಂತೆ. ಅತ್ತೆಯ ಬೆರಳು ಅದರ ಮೇಲೆ ಬಂದು ಕೂತಿತು. ಮುಂದಿನ ಮಾತು ಅವರಿಗೆ ಓದಲು ಬರುತ್ತಿರಲಿಲ್ಲ. ಅವರು ನನ್ನ ಮುಖ ನೋಡಿದರು. ಅದರಲ್ಲಿ ಓದಿಕೊಂಡರು.

ಬಾಯಿ ತೆರೆದರು, ಮತ್ತೆ ಮುಚ್ಚಿದರು. ಹೇಳಬಹುದಾಗಿದ್ದ ಮಾವನೂ ಕೈಯಲ್ಲಿದ್ದ ಎಳೆಯ ತುದಿ ಹುಡುಕುವವರಂತೆ ಕಣ್ಣು ಕೆಳಗೆ ಹಾಕಿದರು. ಅತ್ತೆ ಬಹಳ ಹೊತ್ತು ಬೆರಳನ್ನು ಹಾಗೇ ಇಟ್ಟುಕೊಂಡಿದ್ದರು. ಆಮೇಲೆ ಅದೇ ಬೆರಳಿನಿಂದ ಪುಸ್ತಕ ಮುಚ್ಚಿದರು.

"ಅವರವ್ವ ಇನ್ನೂ ಇಲ್ಲೆ ಅದಾಳ. ಆಕೀನ್ನ ಕೇಳದ ಹೆಂಗ ಸಾಯಿಸ್ತಾರ?" ಎಂದರು. ಪುಸ್ತಕವನ್ನು ನನ್ನ ಮಡಿಲಿಗೆ ಸರಿಸಿದರು. "ಮೊದಲಿಂದ ಓದು. ಅಣ್ಣ ತಮ್ಮ ಇಬ್ರೂ ಅದಾರಲ್ಲ, ಅಲ್ಲಿಂದ."

ನಾನು ಆ ಅರಸನ ಮೊದಲ ಪುಟ ತೆರೆದೆ. ಅಣ್ಣ ಅರಸನಾಗಿದ್ದಾನೆ, ತಮ್ಮ ಅವನ ಬಲಗೈಯಾಗಿದ್ದಾನೆ, ಆ ತಮ್ಮನ ಹೆಸರು ಎಂದು ಓದಿ ನಿಂತೆ. ಅತ್ತೆ ಗಟ್ಟಿಯಾಗಿ ಹೆಸರು ಹೇಳಿದರು. ಹುಡುಗ ತಲೆ ಎತ್ತಿ ಕಾಕಾನತ್ತ ನೋಡಿ ನಕ್ಕ. ಇಬ್ಬರೂ ಬಿಟ್ಟಲ್ಲಿಂದ ಎಳೆ ಕೂಡಿಸಲು ಹತ್ತಿದರು.

ಆ ಪುಸ್ತಕವನ್ನು ನಮ್ಮ ಮನೆಯಲ್ಲಿ ಆಮೇಲೆ ಅದೆಷ್ಟೋ ಸಲ ಓದಿದೆವು. ಆ ಅರಸನ ಕೊನೆಯ ಪುಟ ಮಾತ್ರ ಓದಿ ಹೇಳಿಲ್ಲ. ಅತ್ತೆ ಹೋದ ಮೇಲೂ ಓದಿಲ್ಲ. ಬಾದಾಮಿಯಲ್ಲಿ ಏನಾಯಿತೋ ಏನೋ, ಇಳಕಲ್ಲಿನಲ್ಲಿ ಆ ಅರಸ ಸತ್ತಿಲ್ಲ.